ರೇಡಿಯಲ್ ಆರ್ಟರಿ ಲೈನ್: ಸೂಜಿಯ ತುದಿಯಿಂದ ಕಣ್ಣು ತೆಗೆಯಬೇಡಿ

ರಕ್ತದೊತ್ತಡವನ್ನು ಸತತವಾಗಿ ಅಳೆಯಲು ಮಣಿಕಟ್ಟಿನ ರೇಡಿಯಲ್ ಆರ್ಟರಿಯೊಳಗೆ (ಅಪಧಮನಿ) ತೆಳು ಕೊಳವೆ ಇಡುವುದೇ ಆರ್ಟರಿ ಲೈನ್; ಅಲ್ಟ್ರಾಸೌಂಡ್ ನೋಡುತ್ತಾ ಅದನ್ನು ಹಾಕುವ ಬಗೆ ಇದು. ಮೊದಲು ರೋಗಿಯ ಮಣಿಕಟ್ಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೈಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಟೇಪ್ ಹಾಕಿ. ಜಾಸ್ತಿ ಬಾಗಿಸಿದರೆ ರಕ್ತನಾಳವೇ ಚಪ್ಪಟೆಯಾಗುತ್ತದೆ. ಸ್ಟೆರೈಲ್ ಕವರ್ ಹಾಕಿದ ಲೀನಿಯರ್ ಪ್ರೋಬ್ (ಅಲ್ಟ್ರಾಸೌಂಡ್ ಯಂತ್ರದ ಚಪ್ಪಟೆ ತುದಿಯ ಹಿಡಿ) ಅಡ್ಡಲಾಗಿಟ್ಟು ಮೆಲ್ಲಗೆ ಒತ್ತಿ ನೋಡಿ: ವೇನ್ (ಅಭಿಧಮನಿ) ಮುಚ್ಚಿಕೊಳ್ಳುತ್ತದೆ, ಕಪ್ಪು ವೃತ್ತದಂತೆ ಕಾಣುವ ಆರ್ಟರಿ ಮಿಡಿಯುತ್ತಲೇ ಇರುತ್ತದೆ. ಆರ್ಟರಿಯ ಅಗಲ ಬರೀ 2-3 ಮಿಲಿಮೀಟರ್, ಹಾಗಾಗಿ ಅದನ್ನು ಪರದೆಯ ನಡುವೆಯೇ ಇಟ್ಟುಕೊಳ್ಳಿ. ಎಚ್ಚರವಿರುವ ರೋಗಿಗೆ ಲಿಗ್ನೊಕೇನ್ (ಜಾಗ ಮರಗಟ್ಟಿಸುವ ಔಷಧಿ) ಕೊಡದೆ ಚುಚ್ಚಬೇಡಿ, ತುಂಬಾ ನೋಯುತ್ತದೆ.

ಈಗ ಮುಖ್ಯ ವಿಷಯ. ಸೂಜಿ ಚುಚ್ಚಿದಾಗ ಪರದೆಯಲ್ಲಿ ಕಾಣುವ ಬಿಳಿ ಚುಕ್ಕೆ ಸೂಜಿಯ ತುದಿಯೇ ಆಗಿರಬೇಕೆಂದಿಲ್ಲ, ಅದರ ನಡುಭಾಗವೂ ಹಾಗೆಯೇ ಕಾಣುತ್ತದೆ, ಅಲ್ವಾ? ಅದಕ್ಕೇ ಚುಕ್ಕೆ ಕಂಡ ಕೂಡಲೇ ಪ್ರೋಬನ್ನು ಮೊಣಕೈ ಕಡೆಗೆ ಒಂದೆರಡು ಮಿಲಿಮೀಟರ್ ಸರಿಸಿ, ಚುಕ್ಕೆ ಮಾಯವಾಗಲಿ, ಆಮೇಲೆ ಅದು ಮತ್ತೆ ಕಾಣುವವರೆಗೆ ಸೂಜಿ ಮುಂದೆ ತಳ್ಳಿ. ಹೀಗೇ ಹೆಜ್ಜೆ ಹೆಜ್ಜೆಯಾಗಿ ಹೋಗಿ. ರಕ್ತ ಕಂಡಿತೆಂದು ಸುಮ್ನೆ ಕ್ಯಾತಿಟರ್ (ಸೂಜಿಯ ಮೇಲಿನ ತೆಳು ಕೊಳವೆ) ನೂಕಬೇಡಿ. ಕಪ್ಪು ವೃತ್ತದ ಒಳಗೇ ಇನ್ನೂ ಕೆಲವು ಮಿಲಿಮೀಟರ್ ಸೂಜಿ ಸಾಗಿದ ಮೇಲೆ ಕ್ಯಾತಿಟರ್ ಜಾರಿಸಿ. ತಡೆದರೆ ಬಲ ಹಾಕಬೇಡಿ.

ಟ್ರಾನ್ಸ್‌ಡ್ಯೂಸರ್ (ಒತ್ತಡ ಅಳೆಯುವ ಸಾಧನ) ಜೋಡಿಸಿ ಒತ್ತಡದ ಅಲೆಯ ಆಕಾರ ನೋಡಿ. ಲೈನ್ ಮೇಲೆ ‘ಆರ್ಟರಿ’ ಎಂಬ ಕೆಂಪು ಲೇಬಲ್ ಅಂಟಿಸಲೇಬೇಕು, ಇದರಲ್ಲಿ ತಪ್ಪಿ ಔಷಧಿ ಹೋದರೆ ಬೆರಳುಗಳೇ ಕಪ್ಪಾಗಬಹುದು. ಬೆರಳು ತಣ್ಣಗಾಯಿತೇ, ಬಿಳಿಚಿತೇ ಎಂದು ಆಗಾಗ ಮುಟ್ಟಿ ನೋಡುತ್ತಿರಿ.