ಹಳೇ ಟೆಲಿಸ್ಕೋಪಿಗೆ ಹೊಸ ಕಾಲು: ಪುಣೆ ತಾರಸಿಯಿಂದ ನನ್ನ ಅನುಭವ

2024ರ ನವೆಂಬರಿನಲ್ಲಿ ಒಂದು ಹಳೇ ಟೆಲಿಸ್ಕೋಪ್ ಕೊಂಡೆ. ಕೊಟ್ಟಿದ್ದು 8,500 ರೂಪಾಯಿ. 114 ಮಿ.ಮೀ. ಅಗಲದ ಕನ್ನಡಿ, 900 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ), ಇಕ್ಯೂ-1 ಅನ್ನುವ ಚಿಕ್ಕ ಮೌಂಟ್ (ಟ್ಯೂಬನ್ನು ಹಿಡಿದು ತಿರುಗಿಸುವ ಭಾಗ), ಅದರ ಕೆಳಗೆ ತೆಳು ಅಲ್ಯೂಮಿನಿಯಂ ಟ್ರೈಪಾಡ್. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 675 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಬರೆದಿತ್ತು. ಅಂಥದ್ದನ್ನು ನಂಬಬೇಡಿ. ಕನ್ನಡಿ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು, ಅಂದ್ರೆ ಇದಕ್ಕೆ ಸುಮಾರು 228 ಪಟ್ಟೇ ಮಿತಿ, ಅದೂ ಗಾಳಿ ತಿಳಿಯಾಗಿರುವ ರಾತ್ರಿ. ಅದಕ್ಕಿಂತ ಮೇಲೆ ಹೋದರೆ ಬಿಂಬ ಸುಮ್ನೆ ಉಬ್ಬುತ್ತದೆ, ಹೊಸದೇನೂ ಕಾಣುವುದಿಲ್ಲ.

ನಮ್ಮ ಮನೆ ಪುಣೆಯ ಧಾಯರಿಯಲ್ಲಿ. ಆ ಚಳಿಗಾಲ ಗುರು ಗ್ರಹ ವೃಷಭದಲ್ಲಿತ್ತು, ರಾತ್ರಿ ಹತ್ತಕ್ಕೆಲ್ಲ ನಮ್ಮ ತಾರಸಿ ಮೇಲೆ ಚೆನ್ನಾಗಿ ಎದ್ದು ನಿಲ್ಲುತ್ತಿತ್ತು. ಮೊದಲ ರಾತ್ರಿ ನೋಡಿದರೆ ಒಂದು ಕಡೆ ಬಾಲ ಬಂದ ಬಿಳಿ ಮಚ್ಚೆ. ಫೋಕಸ್ ತಿರುಗಿಸಲು ಮುಟ್ಟಿದರೆ ಸಾಕು, ಐದಾರು ಸೆಕೆಂಡ್ ಗಡಗಡ ನಡುಗುತ್ತಿತ್ತು. ಕನ್ನಡಿಯೇ ಕೆಟ್ಟಿದೆ, ಮಾರಿಬಿಟ್ಟು ದೊಡ್ಡದು ತರೋಣ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ಮಾರಲಿಲ್ಲ, ಒಳ್ಳೆಯದೇ ಆಯ್ತು. ಕನ್ನಡಿ ಸರಿಯಾಗಿಯೇ ಇತ್ತು. ಅದನ್ನು ಹೊಂದಿಸಿರಲಿಲ್ಲ, ಹೊತ್ತು ನಿಂತ ಕಾಲಿಗೆ ಬಲ ಇರಲಿಲ್ಲ, ಅಷ್ಟೇ.

ಮೊದಲ ರಿಪೇರಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಫೋಕಸರಿನ (ಕಣ್ಣಿಟ್ಟು ನೋಡುವ ಕಡೆಯ ಕೊಳವೆ) ಧೂಳು ಮುಚ್ಚಳಕ್ಕೆ ಸರಿಯಾಗಿ ನಡುವೆ ಕಾದ ಸೂಜಿಯಿಂದ ಎರಡು ಮಿ.ಮೀ. ತೂತು ಹಾಕಿದೆ. ಅದರಲ್ಲಿ ಕಣ್ಣಿಟ್ಟು ಹಗಲಿನಲ್ಲಿ ನೋಡಬೇಕು. ಹತ್ತಿರ ಕಾಣುವುದು ಚಿಕ್ಕ ಓರೆ ಕನ್ನಡಿ, ಅದರೊಳಗೆ ದೊಡ್ಡ ಕನ್ನಡಿ ಪೂರ್ತಿ, ಅದನ್ನು ಹಿಡಿದಿರುವ ಮೂರು ಕ್ಲಿಪ್ಪುಗಳೂ ಕಾಣಬೇಕು. ನನ್ನದರಲ್ಲಿ ಎರಡೇ ಕಾಣುತ್ತಿದ್ದವು. ಚಿಕ್ಕ ಕನ್ನಡಿಯ ಸ್ಕ್ರೂಗಳನ್ನು ಕಾಲು ಸುತ್ತು, ಅರ್ಧ ಸುತ್ತು ಅಂತ ನಿಧಾನಕ್ಕೆ ತಿರುಗಿಸಿದಾಗ ಮೂರನೆಯದು ಬಂತು. ಆಮೇಲೆ ಹಿಂದಿನ ಮೂರು ಸ್ಕ್ರೂ ತಿರುಗಿಸಿ ದೊಡ್ಡ ಕನ್ನಡಿಯನ್ನು ಹೊಂದಿಸಿದೆ. ರಾತ್ರಿ ಧ್ರುವ ನಕ್ಷತ್ರದ ಮೇಲೆ ಪರೀಕ್ಷೆ. ಅದು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ, ಹಿಂದೆ ಓಡಬೇಕಿಲ್ಲ. ಫೋಕಸ್ ಸ್ವಲ್ಪ ಕೆಡಿಸಿದರೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಉಂಗುರಗಳು ಕಾಣಬೇಕು, ಎಲ್ಲದರ ನಡುವೂ ಒಂದೇ ಆಗಿರಬೇಕು. ಆ ರಾತ್ರಿ ಗುರುವಿನ ಮೈ ಮೇಲೆ ಎರಡು ಕಂದು ಪಟ್ಟೆ ಕಂಡವು.

ಕನ್ನಡಿ ಹೊಂದಿಸಲು ಲೇಸರ್ ಕೊಲಿಮೇಟರ್ ತಗೊಳ್ಳಿ ಅಂತ ಹಲವರು ಹೇಳಿದರು. ಅಗ್ಗದ ಲೇಸರುಗಳಲ್ಲಿ ಲೇಸರೇ ಓರೆ ಕೂತಿರುವುದು ಜಾಸ್ತಿ. ನನ್ನಂಥ ಟೆಲಿಸ್ಕೋಪಿಗೆ ಆ ತೂತಿನ ಮುಚ್ಚಳ ಸಾಕು.

ಇನ್ನು ಕಾಲಿನ ವಿಷಯ. ನನ್ನ ಪ್ರಕಾರ ಹಣ ಹಾಕಬೇಕಾದ ಮೊದಲ ಜಾಗ ಇದೇ, ಆದರೆ ಎಲ್ಲರೂ ಐಪೀಸಿಗೆ, ಅಂದ್ರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ಹಾಕುತ್ತಾರೆ. ಟ್ರೈಪಾಡಿನ ನಡುವೆ ಐದು ಲೀಟರ್ ನೀರಿನ ಕ್ಯಾನ್ ತೂಗುಹಾಕಿ ನೋಡಿದೆ, ನಡುಕ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಹಾಗಾಗಿ ಟ್ಯೂಬನ್ನು ಆ ಮೌಂಟಿನಿಂದ ಇಳಿಸಿ ಡಾಬ್ಸನ್ ಮಾದರಿಯ ಮರದ ಪೀಠ ಮಾಡಿಸುವುದು ಅಂತ ತೀರ್ಮಾನಿಸಿದೆ. ಅಮೆರಿಕದ ಜಾನ್ ಡಾಬ್ಸನ್ ಪ್ಲೈವುಡ್ಡು, ರಟ್ಟಿನ ಕೊಳವೆಯಂಥ ಅಗ್ಗದ ಸಾಮಾನಿನಲ್ಲಿ ಟೆಲಿಸ್ಕೋಪ್ ಕಟ್ಟಿ ಬೀದಿಯಲ್ಲಿ ಜನರಿಗೆ ಆಕಾಶ ತೋರಿಸಿದವರು. ಅವರ ಪೀಠದಲ್ಲಿ ಗೇರಿಲ್ಲ, ಸ್ಕ್ರೂ ತಿರುಗಿಸುವುದಿಲ್ಲ. ಕೈಯಿಂದ ದೂಡಿದರೆ ಜಾರುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ 18 ಮಿ.ಮೀ. ಪ್ಲೈ ತಂದೆ. ನಮ್ಮ ಬಿಲ್ಡಿಂಗಿನಲ್ಲಿ ಕಪಾಟು ಮಾಡಲು ಬರುತ್ತಿದ್ದ ಬಡಿಗರು ಇಂಡಿ ಕಡೆಯವರು, ಕನ್ನಡ ಕೇಳಿದ ಕೂಡಲೇ ಒಪ್ಪಿಕೊಂಡರು. ನಾನು ನಾಲ್ಕು ಕಾಲಿನ ಚಿತ್ರ ಬರೆದುಕೊಂಡು ಹೋಗಿದ್ದೆ. ಅವರು ನೋಡಿ ಹೇಳಿದ್ದು: "ಸರ, ಅಲ್ಲಾಡಬಾರದಂದ್ರ ಕಾಲು ಮೂರ ಇರ್ಲಿ. ನಾಕ್ ಇಟ್ರ ನೆಲಾನೂ ಸಪಾಟ ಬೇಕಾಗ್ತದ." ತಾರಸಿ ನೆಲ ನೀರು ಹರಿಯಲಿ ಅಂತ ಇಳಿಜಾರಾಗಿರುತ್ತದೆ, ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೂರು ಕಾಲು, ಪ್ರತಿ ಕಾಲಿನ ನೇರ ಮೇಲೆ ಒಂದೊಂದು ಟೆಫ್ಲಾನ್ ತುಂಡು, ಅದರ ಮೇಲೆ ಮೈಕಾ ಅಂಟಿಸಿದ ಹಲಗೆ ತಿರುಗುತ್ತದೆ. ಟೆಫ್ಲಾನಿಗೆ ಹೊಡೆದ ಮೊಳೆಯ ತಲೆ ಮೇಲೆ ಉಳಿದರೆ ಮೈಕಾ ಗೀರಿ ಹಾಳಾಗುತ್ತದೆ ಅಂತ ಅವರೇ ಒಂದೊಂದನ್ನೂ ಒಳಗೆ ಕೂರುವ ಹಾಗೆ ಇಳಿಸಿದರು. ಮೇಲೆ ಕೆಳಗೆ ಆಡುವುದಕ್ಕೆ ಟ್ಯೂಬಿನ ಎರಡು ಬದಿಗೆ ನಾಲ್ಕಿಂಚಿನ ಪಿವಿಸಿ ಪೈಪಿನ ಮುಚ್ಚಳಗಳು, ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವಂಥವು.

ಒಂದು ತಪ್ಪು ನಾನೇ ಮಾಡಿದೆ. ನುಣುಪು ಮೈಕಾ ಚೆನ್ನಾಗಿ ಜಾರುತ್ತದೆ ಅಂದುಕೊಂಡು ಹೊಳೆಯುವ ಶೀಟು ತಂದೆ. ಟೆಫ್ಲಾನ್ ಅದಕ್ಕೆ ಹಿಡಿದುಕೊಂಡು, ದೂಡಿದರೆ ಮೊದಲು ಅಲುಗದೆ ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು, ಗುರು ಕಣ್ಣಿನಿಂದ ಹಾರಿಹೋಗುತ್ತಿತ್ತು. ಕಿತ್ತು ಸಣ್ಣ ತರಿ ಇರುವ ಮೈಕಾ ಹಾಕಿಸಿದ ಮೇಲೆ ಬೆಣ್ಣೆಯ ಹಾಗೆ ತಿರುಗತೊಡಗಿತು. ಮೊದಲೇ ತರಿ ಇರುವುದನ್ನೇ ತನ್ನಿ. ಎಲ್ಲ ಸೇರಿ 2,600 ರೂಪಾಯಿ. ಈಗ ಟ್ಯೂಬಿಗೆ ಬೆರಳಿನಿಂದ ತಟ್ಟಿದರೆ ಒಂದು ಸೆಕೆಂಡಿನೊಳಗೆ ನಿಲ್ಲುತ್ತದೆ.

ಸಂಕ್ರಾಂತಿಗೆ ಅವ್ವ ಧಾರವಾಡದಿಂದ ಬಂದಿದ್ದಳು. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ಕೃತ್ತಿಕೆ ತೋರಿಸಿದೆ. ಭೂಮಿ ತಿರುಗುತ್ತಿರುತ್ತದಲ್ಲ, ನಕ್ಷತ್ರಗಳು ಸರಿದು ಹೋಗುತ್ತವೆ, ನಾನು ಸರಿಮಾಡಲು ಕೈ ಹಾಕಿದೆ. "ನೀ ಹಿಡೀಬ್ಯಾಡ, ನಾನ ತಿರಗಸ್ತೀನಿ" ಅಂದಳು. ತಿರುಗಿಸಿದಳು ಕೂಡ, ಅರ್ಧ ಗಂಟೆ.

ಇದೆಲ್ಲ ಆದ ಮೇಲೆ ಐಪೀಸು. ಡಬ್ಬಿಯಲ್ಲಿ 20 ಮತ್ತು 4 ಮಿ.ಮೀ. ಎರಡಿದ್ದವು, ಜೊತೆಗೆ ಪ್ಲಾಸ್ಟಿಕ್ ಬಾರ್ಲೋ (ಪಟ್ಟು ಹೆಚ್ಚಿಸುವ ಮಸೂರ). 4 ಮಿ.ಮೀ. ಅನ್ನುವುದು ಸೂಜಿ ಕಣ್ಣಿನಲ್ಲಿ ಇಣುಕಿದ ಹಾಗೆ, ಬಾರ್ಲೋ ಜೊತೆ ಎತ್ತಿಟ್ಟೆ. ಬದಲಿಗೆ 32 ಮಿ.ಮೀ. ಪ್ಲಾಸಲ್ ಅನ್ನುವ ಮಾದರಿಯದು ಒಂದು, 9 ಮಿ.ಮೀ. ಅಗಲ ನೋಟದ್ದು ಒಂದು. ಟೆಲಿಸ್ಕೋಪಿನ ಫೋಕಲ್ ಲೆಂತ್ 900ನ್ನು 32ರಿಂದ ಭಾಗಿಸಿದರೆ 28 ಪಟ್ಟು, 9ರಿಂದ ಭಾಗಿಸಿದರೆ 100 ಪಟ್ಟು. ಇವೆರಡರಲ್ಲೇ ನನ್ನ ರಾತ್ರಿಗಳೆಲ್ಲ ಕಳೆಯುತ್ತವೆ. ಕೊಳ್ಳುವ ಮೊದಲು ನಿಮ್ಮ ಫೋಕಸರಿನ ಬಾಯಿ ಅಳೆಯಿರಿ, 31.7 ಮಿ.ಮೀ. ಇದ್ದರೆ ಬೇಕಾದಷ್ಟು ಸಿಗುತ್ತವೆ, 24.5 ಇದ್ದರೆ ಹುಡುಕಾಟ.

ಪುಣೆಯ ಬೀದಿದೀಪದ ಬೆಳಕು ಟ್ಯೂಬಿನೊಳಗೆ ನುಗ್ಗಿ ಆಕಾಶವನ್ನು ಬೂದಿ ಮಾಡುತ್ತದೆ. ರವಿವಾರ ಪೇಠದಿಂದ ಅರ್ಧ ಮೀಟರ್ ಕಪ್ಪು ಮಖಮಲ್ ತಂದು ಫೋಕಸರಿನ ಎದುರು ಗೋಡೆಗೆ ಅಂಟಿಸಿದೆ, ಹಳೇ ಯೋಗಾ ಮ್ಯಾಟ್ ಸುತ್ತಿ ಟ್ಯೂಬಿನ ಬಾಯಿ ಉದ್ದ ಮಾಡಿದೆ. ಫರಕು ಮೊದಲ ರಾತ್ರಿಯೇ ಕಂಡಿತು. ಮತ್ತೆ, ನೋಡುವ ಅರ್ಧ ಗಂಟೆ ಮೊದಲೇ ಟೆಲಿಸ್ಕೋಪನ್ನು ಹೊರಗಿಡಿ, ಕನ್ನಡಿ ತಣಿಯಬೇಕು.

ಫೋಟೋಗೆ ಮೊದಲು ಫೋನು. ಐಪೀಸಿಗೆ ಫೋನ್ ಹಿಡಿಸುವ ಕ್ಲಾಂಪಿಗೆ ನಾನು ಕೊಟ್ಟಿದ್ದು 900 ರೂಪಾಯಿ. ಗುರುವಿನ ಫೋಟೋ ತೆಗೆಯಬೇಡಿ, ವಿಡಿಯೋ ತೆಗೆಯಿರಿ. ಫೋಕಸ್ಸೂ ಬೆಳಕೂ ಲಾಕ್ ಮಾಡಿ, ಗ್ರಹ ಒಂದು ಅಂಚಿನಿಂದ ಇನ್ನೊಂದಕ್ಕೆ ತಾನೇ ಸರಿಯಲು ಬಿಡಿ. ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ, ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ, ವಿವರ ಕಲಸಿಹೋಗುತ್ತದೆ. ಆ ವಿಡಿಯೋವನ್ನು ಪಿಪ್‌ನಲ್ಲಿ ನಡುವಿಗೆ ತಂದು, ಆಟೋಸ್ಟ್ಯಾಕರ್ಟ್‌ನಲ್ಲಿ ಒಳ್ಳೆಯ ಫ್ರೇಮುಗಳನ್ನು ಮಾತ್ರ ಒಂದರ ಮೇಲೊಂದು ಕೂಡಿಸಿ, ರೆಜಿಸ್ಟ್ಯಾಕ್ಸ್‌ನಲ್ಲಿ ಚೂಪು ಮಾಡುತ್ತೇನೆ. ಮೂರೂ ಉಚಿತ ಸಾಫ್ಟ್‌ವೇರ್.

ಆಮೇಲೆ ಹಳೇ ಡಿಎಸ್‌ಎಲ್‌ಆರ್ ಒಂದು 14,000ಕ್ಕೆ ಸಿಕ್ಕಿತು. ಟೆಲಿಸ್ಕೋಪಿಗೆ ನೇರ ಜೋಡಿಸಿದರೆ ಫೋಕಸ್ ಬರಲೇ ಇಲ್ಲ. ಆ ಕ್ಯಾಮೆರಾದ ಸೆನ್ಸರ್ ಮುಂದಿನ ಲೋಹದ ಬಾಯಿಯಿಂದ 44 ಮಿ.ಮೀ. ಒಳಗಿದೆ, ಫೋಕಸರನ್ನು ಪೂರ್ತಿ ಒಳಗೆ ತಳ್ಳಿದರೂ ಬಿಂಬ ಅಲ್ಲಿಗೆ ಮುಟ್ಟುವುದಿಲ್ಲ. ದೊಡ್ಡ ಕನ್ನಡಿಯನ್ನು ಮೇಲೆ ಸರಿಸಿದರೆ ಆಗುತ್ತದೆ, ಆದರೆ ಇಷ್ಟು ಕಷ್ಟಪಟ್ಟು ಹೊಂದಿಸಿದ್ದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಆಗ ಮೂಲೆಯಲ್ಲಿ ಖಾಲಿ ಕೂತಿದ್ದ ಇಕ್ಯೂ-1 ಮೌಂಟ್ ನೆನಪಾಯಿತು. ಟೆಲಿಸ್ಕೋಪ್ ಹೊರಲು ಆಗದ ಮೌಂಟು ಕ್ಯಾಮೆರಾವನ್ನು ಆರಾಮಾಗಿ ಹೊರುತ್ತದೆ. ನಕ್ಷತ್ರಗಳು ಸರಿದ ಹಾಗೆ ಮೌಂಟನ್ನು ತಿರುಗಿಸಲು ಒಂಬತ್ತು ವೋಲ್ಟಿನ ಬ್ಯಾಟರಿಯ ಚಿಕ್ಕ ಮೋಟರ್ ಸೇರಿಸಿದೆ, 2,200 ರೂಪಾಯಿ. ಸುಮ್ನೆ ಸ್ಟ್ಯಾಂಡಿನ ಮೇಲೆ 50 ಎಂಎಂ ಲೆನ್ಸ್ ಇಟ್ಟರೆ ಆರು ಸೆಕೆಂಡಿಗೇ ನಕ್ಷತ್ರ ಗೆರೆಯಾಗತೊಡಗುತ್ತದೆ. ಈ ಮೌಂಟಿನ ಮೇಲೆ ಒಂದು ನಿಮಿಷ ಚುಕ್ಕೆಯಾಗಿಯೇ ಇರುತ್ತದೆ.

ಮೌಂಟಿನ ಅಕ್ಷ ಧ್ರುವದತ್ತ ಇರಬೇಕು. ಪುಣೆಯ ಅಕ್ಷಾಂಶ 18.5 ಡಿಗ್ರಿ, ಅಷ್ಟೇ ಎತ್ತರಕ್ಕೆ ಓರೆ ಮಾಡಬೇಕು. ಅಷ್ಟು ಕೆಳಗೆ ಬಗ್ಗಿಸಿದಾಗ ತೂಕದ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತಿತ್ತು. ಕ್ಯಾಮೆರಾ ಹಗುರ, ಗುಂಡನ್ನು ಮೇಲಕ್ಕೆ ಸರಿಸಿದರೆ ತೊಂದರೆ ಇಲ್ಲ. ಮೋಟರಿನ ವೇಗದ ಗುಂಡಿಯನ್ನು ಒಂದೊಂದು ಫೋಟೋ ತೆಗೆದು ನೋಡುತ್ತಾ ಹೊಂದಿಸಿದೆ, ಸರಿಯಾದ ಜಾಗಕ್ಕೆ ಬಿಳಿ ಪೇಂಟಿನ ಗುರುತು ಹಾಕಿದೆ.

ಮುಂದಿನ ಡಿಸೆಂಬರಿನ ಅಮಾವಾಸ್ಯೆಗೆ ಇದನ್ನೆಲ್ಲ ಬೈಕಿಗೆ ಕಟ್ಟಿಕೊಂಡು ತೋರಣಾ ಕೋಟೆಯ ಬುಡದ ವೆಲ್ಹೆಗೆ ಹೋದೆ. ಧಾಯರಿಯಲ್ಲಿ ಬೆರಳೆಣಿಕೆಯಷ್ಟು ನಕ್ಷತ್ರ, ಅಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ಮಂಜಿನಂಥ ನೀಹಾರಿಕೆ ಬರಿಗಣ್ಣಿಗೇ ಕಾಣುತ್ತಿತ್ತು. ಒಂದೊಂದು ನಿಮಿಷದ 60 ಫೋಟೋ, ಕೊನೆಗೆ ಲೆನ್ಸ್ ಮುಚ್ಚಿ ಅದೇ ಚಳಿಯಲ್ಲಿ 15 ಡಾರ್ಕ್ ಫ್ರೇಮು, ಕ್ಯಾಮೆರಾದ್ದೇ ಸುಳ್ಳು ಚುಕ್ಕೆಗಳನ್ನು ಆಮೇಲೆ ಕಳೆಯಲು. ಮೋಟರು ಎಡವಿದ್ದನ್ನೂ, ವಿಮಾನ ಅಡ್ಡ ಬಂದದ್ದನ್ನೂ ತೆಗೆದರೆ 41 ಉಳಿದವು. ಮನೆಗೆ ಬಂದು ಇನ್ನೊಂದು ಸಾಫ್ಟ್‌ವೇರ್ ಸಿರಿಲ್‌ನಲ್ಲಿ ಕೂಡಿಸಿದೆ. ಒಂದು ಫೋಟೋದಲ್ಲಿ ಬೂದು ಮಚ್ಚೆಯಾಗಿದ್ದ ನೀಹಾರಿಕೆ 41 ಸೇರಿದಾಗ ನಸುಗೆಂಪಾಗಿ ಎರಡು ರೆಕ್ಕೆ ಬಿಚ್ಚಿತ್ತು. ಅದನ್ನು ಪ್ರಿಂಟ್ ಹಾಕಿಸಿ ಒಂದು ಇಂಡಿಯ ಬಡಿಗರಿಗೆ ಕೊಟ್ಟೆ, ಇನ್ನೊಂದನ್ನು ಧಾರವಾಡಕ್ಕೆ ಕಳಿಸಿದೆ.