ಬಾಡಿಗೆ ಡ್ರೆಸ್ ಬಿಟ್ಟೆವು, ಬಣ್ಣ ಮಕ್ಕಳ ಕೈಗೆ ಕೊಟ್ಟೆವು

ನಮ್ಮ ಮುಂಬಯಿಯ ಕನ್ನಡ ಶಾಲೆಯ ನಾಟಕಕ್ಕೆ ಈ ಸಲ ಹೊರಗಿನ ಮೇಕಪ್‌ನವರು ಬರಲಿಲ್ಲ, ಬಾಡಿಗೆ ಡ್ರೆಸ್ಸೂ ಬರಲಿಲ್ಲ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳೇ ಎಲ್ಲ ಮಾಡಿದರು. 'ಮಕ್ಕಳ ಕೈಗೆ ಬಣ್ಣ ಕೊಟ್ಟರೆ ಎಲ್ಲರೂ ಕೋಡಂಗಿ ಆಗುತ್ತಾರೆ' ಅಂದವರೇ ಆಮೇಲೆ ಒಳಗೆ ಬಂದು ವೇಷಗಳ ಜೊತೆ ಫೋಟೊ ತೆಗೆಸಿಕೊಂಡರು.

ಬಾಡಿಗೆಯ ಕಷ್ಟ ನಿಮಗೂ ಗೊತ್ತಿರುತ್ತದೆ. ಒಂದು ಡ್ರೆಸ್ಸಿಗೆ 300 ರೂಪಾಯಿ ಹತ್ತಿರ, ಡಿಪಾಸಿಟ್ ಬೇರೆ. ಎಲ್ಲ ದೊಡ್ಡವರ ಅಳತೆ, ಹಳೇ ಬೆವರಿನ ವಾಸನೆ. ನಾಲ್ಕು ಮಣಿ ಉದುರಿದರೆ ಡಿಪಾಸಿಟ್‌ನಲ್ಲಿ ಕಡಿತ. ಮೇಕಪ್‌ನವರು ಮೂರು ಸಾವಿರ ತೆಗೆದುಕೊಂಡು ಒಂದೇ ಸ್ಪಂಜಿನಲ್ಲಿ ಎಲ್ಲರ ಮುಖ ಉಜ್ಜುತ್ತಿದ್ದರು. ಒಂದು ವರ್ಷ ಮೀಸೆಯ ಗಮ್‌ನಿಂದ ಒಬ್ಬ ಹುಡುಗನ ತುಟಿ ಮೇಲೆ ದದ್ದು ಎದ್ದಿತು. ಅಲ್ಲಿಗೆ ನನಗೆ ಸಾಕಾಯಿತು.

ದಾರಿ ಸಿಕ್ಕಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಯಲ್ಲಿ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುತ್ತಾರಲ್ವಾ, ಆಗ ಹೋಗಿ ಮೂಲೆಯಲ್ಲಿ ಕೂತು ನೋಡಿದೆ. ಅಲ್ಲಿ ವೇಷಧಾರಿ ತನ್ನ ಬಣ್ಣ ತಾನೇ ಬರೆದುಕೊಳ್ಳುತ್ತಾನೆ. ನಮ್ಮಲ್ಲೂ ಅದನ್ನೇ ಮಾಡಿದೆ. ತಳದ ಬಣ್ಣ ಪಾತ್ರದ ಮಗುವೇ ಹಚ್ಚಿಕೊಳ್ಳಬೇಕು, ತನ್ನದೇ ಸ್ಪಂಜಿನಲ್ಲಿ. ಕಣ್ಣು, ಹುಬ್ಬು, ಮೀಸೆ ಮಾತ್ರ ಚೌಕಿಯ ಮಕ್ಕಳದು. ಹಳಬರು ಕೆಂಪಿಗೆ ಬಳಸುತ್ತಿದ್ದ ಇಂಗಳೀಕ, ಹಳದಿಗೆ ಬಳಸುತ್ತಿದ್ದ ಅರದಾಳ ನಮ್ಮ ಪೆಟ್ಟಿಗೆಗೆ ಬರುವಂತಿಲ್ಲ. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್.

ಚೌಕಿಗೆ ನಾನು ಆರಿಸಿದ್ದು ವೇದಿಕೆ ಬೇಡ ಅಂದ ಮಕ್ಕಳನ್ನು. ಒಬ್ಬ ಹುಡುಗಿ ಇದ್ದಳು. ಮಾತು ಹೇಳು ಅಂದರೆ ನೆಲ ನೋಡುತ್ತಿದ್ದಳು. ಅವಳ ಕೈಗೆ ನಂಬರ್ 2 ಬ್ರಷ್ ಕೊಟ್ಟೆ. ನಾಟಕದ ದಿನ ಕ್ಲಾಸಿನ ದೊಡ್ಡ ತಂಟೆಕೋರನ ಗದ್ದ ಹಿಡಿದು, 'ಅಲುಗಾಡಬೇಡ, ಮೇಲೆ ನೋಡು' ಅಂದಳು. ಅವನು ಉಸಿರು ಬಿಗಿಹಿಡಿದು ಕೂತ. ಎರಡೂ ಹುಬ್ಬು ಒಂದೇ ಎಳೆಯಲ್ಲಿ ಬಂತು. ಅಂಥ ಕೈ ನಾನು ದುಡ್ಡು ಕೊಟ್ಟು ಕರೆಸಿದವರಲ್ಲೂ ನೋಡಿಲ್ಲ.

ತುಂಬ ಕಾಡಿಸಿದ್ದು ಕೃಷ್ಣ. ರೂಮಿನ ಟ್ಯೂಬ್‌ಲೈಟಿನಲ್ಲಿ ಚಂದದ ನೀಲಿ. ಹಾಲ್‌ನ ಹಳದಿ ಲೈಟು ಬಿದ್ದ ಕೂಡಲೇ ಬೂದಿ ಬಳಿದ ಹಾಗೆ! ಬಣ್ಣ ದಪ್ಪ ಮಾಡಿದರೆ ಬಿರುಕು, ತೆಳು ಮಾಡಿದರೆ ಬೆವರಿಗೆ ಗೆರೆ ಗೆರೆ. ಕೊನೆಗೆ ನೀಲಿ ಕಮ್ಮಿ ಮಾಡಿ ಅದರಲ್ಲಿ ಇನ್ನೊಂದು ಬಣ್ಣ ಸೇರಿಸಿದೆವು. ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಲೈಟಿನವರಿಗೆ ಹೇಳಿ ಅವನ ಮೇಲಿನ ಹಳದಿ ಹಾಳೆಯನ್ನೂ ತೆಗೆಸಿದೆವು. ಬೆವರಿಗೆ ಮಾತ್ರ ಸುಲಭದ ಉಪಾಯ: ಮೊದಲು ಮುಖಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್, ಬಣ್ಣದ ಮೇಲೆ ಪೌಡರ್ ಒತ್ತುವುದು, ಉಜ್ಜುವುದಲ್ಲ.

ಕಿರೀಟಕ್ಕೆ ಥರ್ಮಾಕೋಲ್ ನಂಬಬೇಡಿ, ರಿಹರ್ಸಲ್‌ನಲ್ಲೇ ಮುರಿಯುತ್ತದೆ. ಫೋಮ್ ಶೀಟ್, ಗ್ಲೂ ಗನ್, ಮೇಲೆ ಭುಲೇಶ್ವರದ ಜರಿ ಅಂಚು. ಒಂದು ಕಿರೀಟಕ್ಕೆ 100 ರೂಪಾಯಿ ದಾಟಲಿಲ್ಲ. ಬಟ್ಟೆಯೆಲ್ಲ ತಾಯಂದಿರ ಹಳೇ ಸೀರೆ. ಹುಕ್ ಬದಲು ಬೆನ್ನಿಗೆ ವೆಲ್ಕ್ರೋ ಹೊಲಿದದ್ದರಿಂದ ಒಂದು ಹಾಡು ಮುಗಿಯುವಷ್ಟರಲ್ಲಿ ಸೈನಿಕರು ಋಷಿಗಳಾದರು. ಋಷಿಗಳ ಪಂಚೆಗೆ ಚಹಾ ಡಿಕಾಕ್ಷನ್ ಬಣ್ಣ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡಿ ಬಟ್ಟೆಗೂ ಹಾಕಿ ನೋಡಿದೆವು. ಏನು ಕೆಂಪು ಅಂತೀರಿ! ಬಿಸಿಲಿಗೆ ಒಣಹಾಕಿದ ಮೇಲೆ ಬಣ್ಣ ಓಡಿಹೋಯಿತು.

ಒಟ್ಟು ಖರ್ಚು ನಾಲ್ಕೂವರೆ ಸಾವಿರದ ಆಸುಪಾಸು. ಮೊದಲು ಹತ್ತು ಸಾವಿರ ದಾಟುತ್ತಿತ್ತು. ಈಗ ಡ್ರೆಸ್ಸೂ ನಮ್ಮದೇ, ಎರಡು ಟ್ರಂಕ್ ತುಂಬಿದೆ. ಬೀಗದ ಕೈ ಆ ಹುಡುಗಿಯ ಹತ್ತಿರ ಇದೆ. ಮುಂದಿನ ವರ್ಷದ ಗಡ್ಡಗಳಿಗೆ ಉಣ್ಣೆ ಬಾಚುವುದನ್ನು ಏಳನೇ ಕ್ಲಾಸಿನವರಿಗೆ ಅವಳೇ ಕಲಿಸುತ್ತಿದ್ದಾಳೆ.