95ಕ್ಕೆ ಟ್ಯೂನ್, ಟ್ಯಾಂಕಿನಲ್ಲಿ 99: ನನ್ನ ಪೋಲೋದ ಆಕ್ಟೇನ್ ಲೆಕ್ಕ

ಕಾರು ರೀಮ್ಯಾಪ್ (ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ, ಅಂದರೆ ಟ್ಯೂನ್) ಮಾಡಿಸುತ್ತಿದ್ದೇನೆ, ಯಾವ ಪೆಟ್ರೋಲ್ ಹಾಕಿಸಲಿ ಅಂತ ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ನೀವು ಓಡಾಡುವ ದಾರಿಯಲ್ಲಿ ರಾತ್ರಿ ಹತ್ತು ಗಂಟೆಗೆ ಟ್ಯಾಂಕ್ ಖಾಲಿಯಾದರೆ ಅಲ್ಲಿ ಯಾವ ಪೆಟ್ರೋಲ್ ಸಿಗುತ್ತದೆ? ಟ್ಯೂನ್ ಎಷ್ಟು ಗಟ್ಟಿ ಇರಬೇಕು ಅನ್ನುವುದು ಅದರ ಮೇಲೆ ನಿಲ್ಲಬೇಕು. ಬೆಂಗಳೂರಿನ ದೊಡ್ಡ ಪಂಪಿನಲ್ಲಿ ಏನೇನು ಸಿಗುತ್ತದೆ ಅನ್ನುವುದರ ಮೇಲಲ್ಲ.

ನನ್ನದು ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ, ಮ್ಯಾನುಯಲ್. ಮೂರು ಸಿಲಿಂಡರ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್. ಕಂಪನಿಯ ಲೆಕ್ಕದಲ್ಲಿ 110 ಪಿಎಸ್, 175 ಎನ್‌ಎಂ. ಓಡಾಟ ಜಾಸ್ತಿ ಬೆಂಗಳೂರು, ಹಾಸನ, ಸಕಲೇಶಪುರ, ಮಂಗಳೂರು. ಹಾಗಾಗಿ ಸಮುದ್ರಮಟ್ಟದ ಸೆಖೆ, ಘಾಟಿಯ ಏರು, ಬೆಂಗಳೂರಿನ 900 ಮೀಟರ್ ಎತ್ತರ, ಮೂರೂ ಒಂದೇ ಪ್ರಯಾಣದಲ್ಲಿ ಸಿಗುತ್ತವೆ.

ಮೊದಲು ಒಂದು ಮಾತು ಬಗೆಹರಿಸಿಬಿಡೋಣ. ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲಿನಲ್ಲಿ ಶಕ್ತಿ ಜಾಸ್ತಿ ಅಂತ ಅಲ್ಲ. ಒತ್ತಡ, ಬಿಸಿ ಎಷ್ಟೇ ಏರಿದರೂ ಬೆಂಕಿಯ ಅಲೆ ಬರುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ತಾಕತ್ತು ಅದು. ಹಾಗೆ ತಾನಾಗಿ ಹೊತ್ತಿಕೊಂಡರೆ ನಾಕ್. ಬ್ಲಾಕ್‌ಗೆ ಕೂರಿಸಿದ ನಾಕ್ ಸೆನ್ಸರ್ ಆ ಬಡಿತ ಹಿಡಿದ ತಕ್ಷಣ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಸ್ಪಾರ್ಕ್ ತಡ ಮಾಡುತ್ತದೆ. ಸ್ಪಾರ್ಕ್ ತಡವಾದರೆ ಟಾರ್ಕ್ ಹೋಯಿತು, ಎಕ್ಸಾಸ್ಟ್ ಬಿಸಿ ಏರಿತು. ಕಾಸು ಕೊಟ್ಟು ಹಾಕಿಸಿದ ಟ್ಯೂನನ್ನು ಇಸಿಯು ಸದ್ದಿಲ್ಲದೆ ವಾಪಸ್ ಕಿತ್ತುಕೊಳ್ಳುವುದು ಇಲ್ಲೇ. ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ 'ಸ್ಮೂತ್ ಆಗಿದೆ ಗುರು' ಅನ್ನುವ ಮಾತಿಗೆ ನನ್ನ ಹತ್ತಿರ ಬೆಲೆ ಇಲ್ಲ. ಲಾಗ್ (ಓಡುವಾಗ ಇಂಜಿನ್ ಕಂಪ್ಯೂಟರಿನಿಂದ ದಾಖಲಿಸಿದ ಅಂಕಿಗಳು) ತೋರಿಸಿ.

ನಾನು ನೋಡುವ ಲಾಗ್ ಹೀಗಿರುತ್ತದೆ. ಡೈನೋ (ಕಾರನ್ನು ನಿಂತಲ್ಲೇ ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಮೂರನೇ ಗೇರ್, 2000 ಆರ್‌ಪಿಎಂನಿಂದ ಪೂರ್ತಿ ಥ್ರಾಟಲ್. ರೋಡಿನಲ್ಲಿ ಈ ಸಾಹಸ ಬೇಡ. ಕಾರಿನ ಒಬಿಡಿ ಪೋರ್ಟ್ ಮೂಲಕ ಸಿಲಿಂಡರ್ ಸಿಲಿಂಡರ್‌ಗೂ ಎಷ್ಟು ಡಿಗ್ರಿ ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು) ಹಿಂದೆ ಎಳೆದಿದೆ, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟು ಕೇಳಿತು ಎಷ್ಟು ಬಂತು, ರೈಲ್ ಪ್ರೆಷರ್ (ಇಂಜೆಕ್ಟರ್‌ಗೆ ಹೋಗುವ ಪೆಟ್ರೋಲಿನ ಒತ್ತಡ) ಏನು. ಸ್ಟೇಜ್ 1 ಫೈಲ್ (ಬಿಡಿಭಾಗ ಬದಲಿಸದೆ ಬರೀ ಸಾಫ್ಟ್‌ವೇರ್ ಟ್ಯೂನ್) ಹಾಕಿ ಸಾಮಾನ್ಯ 91 ಆಕ್ಟೇನ್ ಪೆಟ್ರೋಲ್ ಇದ್ದಾಗ ನನ್ನ ಕಾರಿನಲ್ಲಿ ಒಂದು ಸಿಲಿಂಡರ್ 6 ಡಿಗ್ರಿವರೆಗೆ ಹಿಂದೆ ಸರಿಯುತ್ತಿತ್ತು. ಅದೇ ಫೈಲ್, ಅದೇ ಡೈನೋ, 95ರಲ್ಲಿ 3ರ ಆಸುಪಾಸು. 99ರಲ್ಲಿ ಹೆಚ್ಚುಕಮ್ಮಿ ಸೊನ್ನೆ, ಅಲ್ಲೊಮ್ಮೆ ಇಲ್ಲೊಮ್ಮೆ 1. 95ರಿಂದ 99ಕ್ಕೆ ಹೋದಾಗ ಪವರ್ ಹೇಳಿಕೊಳ್ಳುವಷ್ಟು ಏರಲಿಲ್ಲ, ಯಾಕೆಂದರೆ ಫೈಲ್ ಕೇಳಿದ ಟೈಮಿಂಗೇ ಅಷ್ಟು. 91ರಿಂದ 95ಕ್ಕೆ ಬಂದಾಗ ಸಿಕ್ಕಿದ್ದು ನಿಜವಾದ ವ್ಯತ್ಯಾಸ.

ಇಲ್ಲಿಂದಲೇ ನನ್ನ ತೀರ್ಮಾನ ಬಂದದ್ದು. ಟ್ಯೂನರ್ 99ಕ್ಕೆ ಇನ್ನೂ ಬಿಗಿಯಾದ ಫೈಲ್ ಕೊಡುತ್ತೇನೆ ಅಂದರು, ನಾನು ಬೇಡ ಅಂದೆ. 95ಕ್ಕೆ ಬರೆಸಿದೆ. ಸಿಕ್ಕಾಗ 97 ಅಥವಾ 99 ಹಾಕಿಸುತ್ತೇನೆ, ಆ ಹೆಚ್ಚುವರಿ ಎಲ್ಲ ಸೆಖೆಗೆ, ಘಾಟಿಗೆ ಮೀಸಲು. ಗುಂಡ್ಯದಿಂದ ಶಿರಾಡಿ ಹತ್ತುವಾಗ ನಾಲ್ಕು ಜನ, ಲಗೇಜು, ಎಸಿ, ಮುಂದೆ ಲಾರಿಗಳ ಸಾಲು. ಗಾಳಿ ಸರಿಯಾಗಿ ಬೀಸದೆ ಟರ್ಬೊ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಕಾದುಹೋಗಿರುತ್ತದೆ. ಅಲ್ಲಿ ಲಾಗ್ ತೆಗೆದರೆ ತಂಪಾದ ಬೆಳಗಿನ ಡೈನೋ ಶೀಟ್ ಹೇಳದ ಕತೆ ಕಾಣಿಸುತ್ತದೆ. ಬೆಂಗಳೂರಿನ ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಇಂಜಿನ್ನುಗಳಿಗೆ ಅದರಿಂದ ನಾಕ್ ಕಮ್ಮಿ. ಟರ್ಬೊ ಮಾತ್ರ ಕೇಳಿದಷ್ಟು ಬೂಸ್ಟ್ ತುಂಬಲು ಇನ್ನೂ ಜೋರಾಗಿ ತಿರುಗಿ ಗಾಳಿಯನ್ನು ಕಾಯಿಸುತ್ತದೆ. ಹಾಗಾಗಿ ಎತ್ತರ ಇದೆ, ಪರವಾಗಿಲ್ಲ ಅನ್ನುವ ಲೆಕ್ಕ ನಮಗೆ ಪೂರ್ತಿ ನಡೆಯುವುದಿಲ್ಲ.

ಪಂಪಿನಲ್ಲಿ ನಾನು ನೋಡುವುದು ನಂಬರ್ ಮಾತ್ರ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಎಕ್ಸ್‌ಪಿ100, ಭಾರತ್ ಪೆಟ್ರೋಲಿಯಂನ ಸ್ಪೀಡ್ 97, ಎಚ್‌ಪಿಯ ಪವರ್ 99. ಹೆಸರಲ್ಲೇ ಆಕ್ಟೇನ್ ಇದೆ. ನಂಬರ್ ಇಲ್ಲದೆ ಬರೀ 'ಪ್ರೀಮಿಯಂ' ಅಂದರೆ ಇಂಜೆಕ್ಟರ್, ವಾಲ್ವ್ ಕ್ಲೀನ್ ಮಾಡುವ ಡಿಟರ್ಜೆಂಟ್ ಸೇರಿಸಿದ್ದೂ ಇರಬಹುದು, ಆಕ್ಟೇನ್ ಏರಿದೆ ಅಂತ ಅರ್ಥವಲ್ಲ. ಎಕ್ಸ್‌ಪಿ100 2020ರ ಡಿಸೆಂಬರ್‌ನಲ್ಲಿ ಬಂದಾಗ ದೆಹಲಿಯಲ್ಲಿ ಲೀಟರ್‌ಗೆ 160 ರೂಪಾಯಿ ಇತ್ತು. ನನ್ನ ಫೈಲ್‌ಗೆ ಅದು ಸುಮ್ನೆ ದುಂದು. ಮೈಸೂರಿನ ಗೆಳೆಯನೊಬ್ಬ ಅದನ್ನು ಅಪ್ಪನ ಯೆಜ್ಡಿಗೆ ಹಾಕಿಸುತ್ತಾನೆ. ಆ ಗಾಡಿಯ ಕಂಪ್ರೆಷನ್‌ಗೆ ಅಷ್ಟು ಆಕ್ಟೇನ್ ಏನೂ ಬೇಕಿಲ್ಲ, ಆದರೆ ಪ್ರೀತಿಗೆ ಲೆಕ್ಕ ಹೇಳಲು ಆಗುತ್ತದೆಯೇ?

ಹೈವೇಯಲ್ಲಿ ಬೆರಕೆ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಟ್ಯಾಂಕ್ 45 ಲೀಟರ್. 15 ಲೀಟರ್ 91 ಉಳಿದಿದ್ದು ಮೇಲೆ 30 ಲೀಟರ್ 97 ಹಾಕಿಸಿದರೆ ಹತ್ತಿರ ಹತ್ತಿರ 95. ಹಾಕಿಸಿದ ಕೂಡಲೇ ಪೂರ್ತಿ ಥ್ರಾಟಲ್ ಒತ್ತಬೇಡಿ. ಪೈಪಿನಲ್ಲಿ ಹಳೆಯದು ಇರುತ್ತದೆ, ಇಸಿಯು ಹೊಂದಿಕೊಳ್ಳಲೂ ಒಂದಷ್ಟು ದೂರ ಬೇಕು. ಆಕ್ಟೇನ್ ಬೂಸ್ಟರ್ ಬಾಟಲಿ ನಾನು ಕೊಳ್ಳುವುದಿಲ್ಲ. ಲೇಬಲ್‌ನಲ್ಲಿ '20 ಪಾಯಿಂಟ್' ಅಂದರೆ ಎಷ್ಟೋ ಸಲ 2 ಆಕ್ಟೇನ್ ಅಂತ ಅರ್ಥ. ಕೆಲವದರಲ್ಲಿ ಇರುವ ಲೋಹದ ಸಂಯುಕ್ತ ಪ್ಲಗ್ ಮೇಲೆ ಕೆಂಪು ಪುಡಿಯಾಗಿ ಕೂರುತ್ತದೆ.

ಇನ್ನೊಂದು ಎಚ್ಚರ, ಹೊರದೇಶದ ಫೈಲ್ ತರಿಸುವವರಿಗೆ. ಅಮೆರಿಕದ ಪಂಪಿನಲ್ಲಿ ಬರೆದಿರುವುದು ಆಕ್ಟೇನ್ ಅಳೆಯುವ ಎರಡು ಪರೀಕ್ಷೆ, ರಾನ್ ಮತ್ತು ಮಾನ್, ಇವುಗಳ ಸರಾಸರಿ. ನಮ್ಮದು ಬರೀ ರಾನ್. ಅಲ್ಲಿಯ 93 ಅಂದರೆ ಇಲ್ಲಿ ಸುಮಾರು 98. ಟೆಕ್ಸಾಸ್‌ನಲ್ಲಿರುವ ಕಸಿನ್ '93 ಫೈಲ್ ಇದೆ, ನಿಮ್ಮ ಪೆಟ್ರೋಲ್ 95 ಅಲ್ವಾ, ಧಾರಾಳ ಸಾಕು' ಅಂದರೆ ನಗುತ್ತಾ ಬೇಡ ಅನ್ನಿ.

ಇನ್ನು ಎಥೆನಾಲ್. ಅದರ ಆಕ್ಟೇನ್ 108ರ ಆಸುಪಾಸು, ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಬಿಸಿ ಹೀರುತ್ತದೆ, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಆ ತಂಪು ಸಿಲಿಂಡರ್ ಒಳಗೇ ಆಗುತ್ತದೆ. ಸಾಮಾನ್ಯ ಪಂಪಿನಲ್ಲಿ ಇ20 (ಶೇ 20 ಎಥೆನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ ನನ್ನ ಲಾಗ್‌ನಲ್ಲಿ ನಾಕ್ ಕಮ್ಮಿಯಾಗಿದ್ದು ಇದಕ್ಕೇ. ಆದರೆ ಮೈಲೇಜ್ ಬಿತ್ತು. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಇ20ಗೆ 13.5ರ ಹತ್ತಿರ ಸಾಕು, ಅಂದರೆ ಅದೇ ಗಾಳಿಗೆ ಜಾಸ್ತಿ ಇಂಧನ ಸುರಿಯಬೇಕು. ಆ ಜಾಸ್ತಿ ಸುರಿಯುವ ಕೆಲಸ ಹೈ ಪ್ರೆಷರ್ ಪಂಪಿನದು. 5500 ಆರ್‌ಪಿಎಂ ದಾಟಿದ ಮೇಲೆ ಕೇಳಿದ ರೈಲ್ ಪ್ರೆಷರ್‌ಗೂ ಸಿಕ್ಕಿದ್ದಕ್ಕೂ ನಡುವೆ ಗೆರೆಗಳು ಸ್ವಲ್ಪ ಬೇರೆಯಾಗುತ್ತಿವೆ. ಟ್ಯೂನ್ ಆಗದ ಸ್ಟಾಕ್ ಕಾರಿನಲ್ಲಿ ಇದು ಕಾಣಲಿಕ್ಕಿಲ್ಲ, ಟ್ಯೂನ್ ಆದದ್ದರಲ್ಲಿ ಕಾಣುತ್ತದೆ.

ಕೆಳ ಆರ್‌ಪಿಎಂನಲ್ಲಿ, 1500ಕ್ಕೆ, ಐದನೇ ಗೇರಲ್ಲೇ ಪೆಡಲ್ ಒತ್ತಿ ಲಾರಿ ದಾಟುವ ಅಭ್ಯಾಸ ಇದ್ದರೆ ಬಿಡಿ. ಸಣ್ಣ ಟರ್ಬೊ ಇಂಜಿನ್ನುಗಳಲ್ಲಿ ಆಗ ಬರುವ ಪ್ರೀ-ಇಗ್ನಿಷನ್ ಸ್ಪಾರ್ಕ್‌ಗಿಂತ ಮೊದಲೇ ಆಗುವಂಥದ್ದು, ಟೈಮಿಂಗ್ ಎಳೆದರೆ ನಿಲ್ಲದು, 99 ಹಾಕಿದರೂ ಪೂರ್ತಿ ತಪ್ಪದು. ನನ್ನ ಫೈಲ್‌ನಲ್ಲಿ 2000ಕ್ಕಿಂತ ಕೆಳಗೆ ಟಾರ್ಕ್ ಕಮ್ಮಿ ಇಡಿಸಿದ್ದೇನೆ. ಪೇಪರ್ ಮೇಲೆ ಗ್ರಾಫ್ ಚಂದ ಕಾಣುವುದಿಲ್ಲ, ಪಿಸ್ಟನ್ ಉಳಿಯುತ್ತದೆ.

ಮುಂದಿನ ಸಲ ಟ್ಯೂನರ್ ಹತ್ತಿರ ಹೋದಾಗ ಕೇಳುವುದು ಇನ್ನಷ್ಟು ಟೈಮಿಂಗ್ ಅಲ್ಲ, 5500ರ ಮೇಲೆ ಬೂಸ್ಟ್ ಸ್ವಲ್ಪ ಇಳಿಸಿ, ಆ ರೈಲ್ ಪ್ರೆಷರ್ ಗೆರೆಗಳನ್ನು ಒಂದರ ಮೇಲೊಂದು ಕೂರಿಸಿಕೊಡಿ ಅಂತ.